ಪೈಲ್ವಾನ ಉಜ್ಜಿನಪ್ಪನ ಸಂಡೂರಿನ ಒಲೆ

ಹೊಸಪೇಟೆಯ ಅಖಾಡದಲ್ಲಿ ಚಿತ್ ಆದ ಮೇಲೆ ಕಂಪ್ಲಿಯ ಪೈಲ್ವಾನ ಉಜ್ಜಿನಪ್ಪ ಸುಮ್ಮನೆ ಎದ್ದು ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವನು ಹೋಗಲಿಲ್ಲ. ತನ್ನ ಬೆನ್ನು ಮಣ್ಣಿಗೆ ತಾಗಿಯೇ ಇಲ್ಲ ಎಂದು ಅಖಾಡದ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ. ಪಂಚರು ಬಂದು ಹೇಳಿ ನೋಡಿದರು, ರಟ್ಟೆ ಹಿಡಿದು ಎಬ್ಬಿಸಲು ನೋಡಿದರು. ಆರಡಿಯ ಆಳು, ದಿನಕ್ಕೆ ಎರಡು ಸೇರು ಹಾಲು ಕುಡಿಯುವವನು. ನಾಲ್ವರು ಸೇರಿದರೂ ಅಲುಗಲಿಲ್ಲ. ಇನ್ನೂ ಏಳು ಜೋಡಿಗಳ ಕುಸ್ತಿ ಬಾಕಿ ಇತ್ತು. ಹೊತ್ತು ಇಳಿಯುವವರೆಗೆ ಅವನು ಅಲ್ಲೇ ಇದ್ದ. ಜನ ಶೇಂಗಾ ತಿಂದು ಮುಗಿಸಿ ಮನೆಗೆ ಹೋದರು. ಮರುದಿನ ಪಂಚರು ಕೂಡಿ, ಮೂರು ವರ್ಷ ಉಜ್ಜಿನಪ್ಪ ಬಳ್ಳಾರಿ ಜಿಲ್ಲೆಯ ಯಾವ ಅಖಾಡಕ್ಕೂ ಇಳಿಯಕೂಡದೆಂದು ತೀರ್ಮಾನಿಸಿದರು. ಇದು 1935ರ ಮಾತು.

ಸಾಕ್ಷಿ ಇರಲಿ ಎಂದು ಅವನು ಮೈ ತೊಳೆಯದೆ, ಮೇಲೆ ಅಂಗಿಯನ್ನೂ ಹಾಕದೆ, ಹೊಸಪೇಟೆಯಿಂದ ಕಂಪ್ಲಿಯವರೆಗೆ ಗಾಡಿಯಲ್ಲಿ ಬಂದ. ಅಂಗಳದಲ್ಲಿ ನಿಂತು ಹೆಂಡತಿಗೆ ಬೆನ್ನು ತೋರಿಸಿದ.

"ನೋಡು. ಎಲ್ಲೆರ ಮಣ್ಣೈತೇನು?"

ಕೊಟ್ರಬಸಮ್ಮ ನೋಡಿದಳು. "ಎರಡೂ ಹೆಗಲಿಗೆ ಹತ್ತೇತಲ್ರೀ. ಇತ್ತಾಗೊಂದು ಅಂಗೈ ಅಗಲ, ಅತ್ತಾಗೊಂದು."

"ಅದು ಮೊದ್ಲ ಹತ್ತಿದ್ದು."

"ಹಂಗಾರ ನೀರು ಕಾಸ್ಲೇನು, ಇಲ್ಲಾ ಇನ್ನೂ ಯಾರಿಗೆರ ತೋರ್ಸೋದೈತೋ?"

ನೀರು ಕಾಸಿದವಳೂ ಅವಳೇ, ಸೀಗೆಪುಡಿ ಹಾಕಿ ಆ ಮಣ್ಣು ತಿಕ್ಕಿದವಳೂ ಅವಳೇ. ತಿಕ್ಕುವಾಗ ಅವನು ಪಂಚರ ಕಣ್ಣಿನ ದೋಷವನ್ನು ವಿವರಿಸುತ್ತಿದ್ದ.

ದಾರಿ ತೋರಿಸಿದವನು ಜಂಬಯ್ಯ, ಕಂಪ್ಲಿ ಗರಡಿಯ ವಸ್ತಾದ. ಹೊಸಪೇಟೆಯಿಂದ ಕಣಿವೆ ದಾಟಿದರೆ ಸಂಡೂರು. ಅದು ಬೇರೆ ಸಂಸ್ಥಾನ. ಬಳ್ಳಾರಿಯ ಪಂಚರ ಮಾತು ಅಲ್ಲಿ ನಡೆಯುವುದಿಲ್ಲ. ಅಲ್ಲಿಯ ದಸರೆಗೆ ದೂರದೂರದ ಪೈಲ್ವಾನರು ಬರುತ್ತಾರೆ. ಅಲ್ಲಿಯ ಪ್ರಜೆಯಾಗಿಬಿಟ್ಟರೆ ಸಂಸ್ಥಾನದ ಕಡೆಯಿಂದಲೇ ಅಖಾಡಕ್ಕೆ ಇಳಿಯಬಹುದು. ಉಜ್ಜಿನಪ್ಪ ಮರುವಾರವೇ ಹೋಗಿ ಸಂಡೂರಿನಲ್ಲಿ ಒಂದು ಮನೆ ಹಿಡಿದ. ತಿಂಗಳೊಪ್ಪತ್ತು ಖಾನಾವಳಿಯಲ್ಲಿ ಉಂಡು, ಪೇಟೆಯ ಶಾನುಭೋಗ ಕಮಲಾಕರ ರಾಯರ ಮುಂದೆ ನಿಂತು, ನನ್ನ ಹೆಸರು ಬರೆದುಕೊಳ್ಳಿರಿ ಎಂದ.

ರಾಯರು ಅಲ್ಲಿಯ ರೂಢಿ ಹೇಳಿದರು. ಪೇಟೆಯಲ್ಲಿ ಜನರನ್ನು ತಲೆ ಲೆಕ್ಕದಲ್ಲಿ ಬರೆಯುವುದಿಲ್ಲ, ಒಲೆ ಲೆಕ್ಕದಲ್ಲಿ ಬರೆಯುತ್ತಾರೆ. ಬಂದುಹೋಗುವವರು ಬಹಳ, ಬಾಡಿಗೆ ಚೀಟಿ ಯಾರು ಬೇಕಾದರೂ ತೋರಿಸುತ್ತಾರೆ. ಸೋಮವಾರ ಸೋಮವಾರ ರಾಯರೇ ಬೀದಿ ಸುತ್ತುತ್ತಾರೆ. ಒಂದು ವರ್ಷ ತಪ್ಪದೆ ಯಾವ ಮನೆಯ ಹೊಗೆ ಕಂಡಿತೋ ಆ ಒಲೆಯವರು ಊರಿನವರು. ಖಾನಾವಳಿಯಲ್ಲಿ ಉಣ್ಣುವವನು ದಾರಿಹೋಕ.

ಉಜ್ಜಿನಪ್ಪನಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಒಲೆ ಎಂದರೆ ಹೆಂಡತಿ. ಹೋಗಿ ಕರೆದುಕೊಂಡು ಬಂದರಾಯಿತು.

ಕೊಟ್ರಬಸಮ್ಮನಿಗೆ ಕಂಪ್ಲಿಯಲ್ಲಿ ಮೂರು ಎಮ್ಮೆಗಳಿದ್ದವು. ತಾಯಿ ಬಿಟ್ಟುಹೋದ ಮನೆ, ತಾಯಿ ಸಾಕಿದ ಎಮ್ಮೆಗಳ ಸಂತತಿ. ಅವಳ ಕೈಯ ಬೆಣ್ಣೆಗೆ ಊರಿನ ಅರ್ಧ ಮನೆಗಳು ಕಾಯುತ್ತಿದ್ದವು. ಪೈಲ್ವಾನನ ಎರಡು ಸೇರು ಹಾಲೂ ಅವೇ ಎಮ್ಮೆಗಳದು. ಅವನು ಗೆದ್ದಾಗ ಗರಡಿಯವರು ಹನುಮಪ್ಪನಿಗೆ ಕಾಯಿ ಒಡೆಸುತ್ತಿದ್ದರು, ಎಮ್ಮೆಗೆ ಒಂದು ಹಿಡಿ ಹಿಂಡಿ ಹೆಚ್ಚಿಗೆ ಹಾಕಿದವರಿಲ್ಲ.

"ಎಮ್ಮಿ ಯಾರು ನೋಡ್ತಾರ್ರೀ?" ಎಂದಳು.

"ನಿನ್ನ ತಂಗಿ ಅದಾಳಲ್ಲ."

ತಂಗಿ ನೀಲಗಂಗಮ್ಮನ ಗಂಡ ಗುಂತಕಲ್ಲಿನಲ್ಲಿ ರೈಲ್ವೆ ಕೆಲಸಕ್ಕೆ ಸೇರಿದ್ದ. ಅವನಿಗೆ ಮನೆ ಸಿಗುವವರೆಗೆ ಅವಳು ಅಕ್ಕನ ಜೊತೆಯಲ್ಲಿದ್ದಳು.

"ಬರೋ ದಸರಾ ತನಕ ನೋಡ್ಕೋತೀನಿ ಅಕ್ಕಾ," ಎಂದಳು ನೀಲಗಂಗಮ್ಮ. "ಹಬ್ಬ ಮುಗುದ ಮರುದಿನ ನಮ್ಮನಿಯವರು ಬಂದು ಕರಕೊಂಡು ಹೋಗ್ತಾರ. ಅಷ್ಟ್ರಾಗ ನೀ ಬರ್ಲಿಲ್ಲಂದ್ರ ಎಮ್ಮಿ ದಲ್ಲಾಳಿ ಪಾಲು. ನನ್ನ ಬೈಬ್ಯಾಡ."

"ಒಂದ ವರ್ಷ," ಎಂದ ಉಜ್ಜಿನಪ್ಪ. "ಆಮ್ಯಾಲ ಹೆಸರು ಬರಿಸ್ಕಂಡು ಬಂದಬಿಡೂದು."

ಸಂಡೂರಿನಲ್ಲಿ ಕೊಟ್ರಬಸಮ್ಮನ ದಿನ ಕೋಳಿ ಕೂಗುವ ಮೊದಲೇ ಶುರುವಾಗುತ್ತಿತ್ತು. ನೆನೆಹಾಕಿದ ಬಾದಾಮಿಯನ್ನು ಒಂದೊಂದಾಗಿ ಸಿಪ್ಪೆ ತೆಗೆದು ಒರಳಿನಲ್ಲಿ ನುಣ್ಣಗೆ ಅರೆಯಬೇಕು. ತರಿ ಉಳಿದರೆ ಪೈಲ್ವಾನರಿಗೆ ಗಂಟಲು ಕೆರೆಯುತ್ತದೆ. ಹಾಲು ಕಾಸಬೇಕು, ತುಪ್ಪ ಕಾಸಬೇಕು. ನಾರಿಹಳ್ಳದಿಂದ ಆರು ಕೊಡ ನೀರು ತರಬೇಕು. ಹನ್ನೆರಡು ರೊಟ್ಟಿ ಬಡಿಯಬೇಕು, ಅವನು ಒಬ್ಬನಿಗೇ. ಅಲ್ಲಿಯ ಮಣ್ಣು ಕಬ್ಬಿಣದ ಅದಿರಿನದು, ಲಂಗೋಟಿಗೆ ಹತ್ತಿದರೆ ಕಲ್ಲಿಗೆ ಎಷ್ಟು ಬಡಿದರೂ ಕೆಂಪು ಬಿಡುವುದಿಲ್ಲ. ಗರಡಿಯ ಮಣ್ಣು ಮೆದುವಾಗಲೆಂದು ಅದಕ್ಕೆ ಅರಿಸಿನ, ಎಣ್ಣೆ, ಮಜ್ಜಿಗೆ ಕಲೆಸುತ್ತಾರೆ. ಅರಿಸಿನ ಕುಟ್ಟಿದವಳು, ಮಜ್ಜಿಗೆ ಕಡೆದವಳು ಕೊಟ್ರಬಸಮ್ಮ. ಗರಡಿಯ ಹೊಸ್ತಿಲ ಹೊರಗೆ ಕೊಡ ಇಳಿಸಿ ಅವಳು ಹಿಂದಕ್ಕೆ ಬರಬೇಕು. ಹೆಂಗಸರ ನೆರಳು ಬಿದ್ದರೆ ಗರಡಿ ಮೈಲಿಗೆ.

"ಮಜ್ಜಿಗಿಗೆ ಮೈಲಿಗಿ ಇಲ್ಲೇನು?" ಎಂದು ಒಂದು ದಿನ ಪಕ್ಕದ ಮನೆಯ ಎರ್ರಮ್ಮನನ್ನು ಕೇಳಿದಳು.

"ಮಜ್ಜಿಗಿಗೆ ಬಾಯಿಲ್ಲಲ್ಲ ತಾಯಿ," ಎಂದಳು ಎರ್ರಮ್ಮ.

ಇಷ್ಟೆಲ್ಲ ಮಾಡಿಸಿಕೊಂಡು ಉಜ್ಜಿನಪ್ಪ ಸಂಡೂರಿನಲ್ಲಾದರೂ ಇದ್ದನೇ? ಇಲ್ಲ. ದಸರೆಗೆ ಬರುವ ಮರಾಠಿ ಪೈಲ್ವಾನರ ಪಟ್ಟು ಕಲಿಯಬೇಕೆಂದು ಕೊಲ್ಹಾಪುರಕ್ಕೆ ಹೋದವನು ನಾಲ್ಕು ತಿಂಗಳು ಬರಲಿಲ್ಲ. ಬಂದು ಹದಿನೈದು ದಿನ ಉಂಡು, ತಂಪು ಹವೆಯಲ್ಲಿ ಸಾಮು ಮಾಡಿದರೆ ದಮ್ಮು ಹೆಚ್ಚುತ್ತದೆಂದು ರಾಮನದುರ್ಗದ ಗುಡ್ಡ ಹತ್ತಿದ. ಅಲ್ಲಿಂದ ಇಳಿದವನು ಮತ್ತೆ ಕೊಲ್ಹಾಪುರ. ಕೊಟ್ರಬಸಮ್ಮ ಮಾತ್ರ ಎಲ್ಲಿಗೂ ಹೋಗುವಂತಿಲ್ಲ. ಚಿಕ್ಕಮ್ಮ ತೀರಿಕೊಂಡಾಗ ಕಂಪ್ಲಿಗೆ ಹೊರಟವಳು, ಮರುದಿನ ಸೋಮವಾರವೆಂದು ನೆನಪಾಗಿ ಗಾಡಿಯಿಂದ ಇಳಿದು ಬಂದಳು. ಜ್ವರ ಬಂದ ವಾರ, ಉಣ್ಣುವವರು ಯಾರೂ ಇಲ್ಲದಿದ್ದರೂ, ಗೋಡೆ ಹಿಡಿದು ಎದ್ದು ಒಲೆ ಹಚ್ಚಿ ಹಸಿ ಕಟ್ಟಿಗೆ ಇಟ್ಟಳು, ಹೊಗೆ ಚೆನ್ನಾಗಿ ಏಳಲೆಂದು.

ಹೀಗೆ ವರ್ಷ ತುಂಬುತ್ತ ಬಂತು. ದಸರೆಗೆ ಇನ್ನು ಹತ್ತು ದಿನ ಎನ್ನುವಾಗ ಕಮಲಾಕರ ರಾಯರು ದಫ್ತರ ಹಿಡಿದು ಮನೆಗೇ ಬಂದರು. ಪೈಲ್ವಾನ ಹಿಂದಿನ ವಾರವಷ್ಟೇ ಊರಿಗೆ ಬಂದಿದ್ದ. ಕೊಟ್ರಬಸಮ್ಮ ಜಗುಲಿಯ ಮೇಲೆ ಚಾಪೆ ಹಾಸಿದಳು.

"ಕುಂದ್ರಿ ರಾಯರ."

ರಾಯರು ಕನ್ನಡಕ ಏರಿಸಿ ಹಾಳೆ ತಿರುವಿದರು. "ಐವತ್ತೆರಡು ಸೋಮವಾರ, ಐವತ್ತೆರಡು ಹೊಗೆ. ಒಂದೂ ತಪ್ಪಿಲ್ಲ. ಈ ಬೀದಿಯಲ್ಲಿ ಹುಟ್ಟಿದವರ ಮನೆಯಲ್ಲೂ ಇಷ್ಟು ನೇಮ ಇಲ್ಲ. ಇನ್ನು ಒಂದೇ ಮಾತು. ಈ ಒಲೆಯ ಮೇಲೆ ಬೆಂದದ್ದನ್ನು ಪೈಲ್ವಾನರು ವರ್ಷವೆಲ್ಲ ಉಂಡಿದ್ದಾರೆಂದು ಅಡುಗೆ ಮಾಡಿದವರು ಹೇಳಬೇಕು. ಹೇಳಿ ಹೆಬ್ಬೆಟ್ಟು ಒತ್ತಬೇಕು."

ಉಜ್ಜಿನಪ್ಪ ಅವರ ಬೆನ್ನ ಹಿಂದೆ ನಿಂತು ಹೆಂಡತಿಗೆ ಕಣ್ಣಿನಲ್ಲೇ ಹೇಳುತ್ತಿದ್ದ, ಹೂಂ ಅನ್ನು, ಹೂಂ ಅನ್ನು.

ಹೂಂ ಅಂದುಬಿಡೋಣ ಎಂದೇ ಕೊಟ್ರಬಸಮ್ಮ ಇದ್ದಳು. ಒಂದು ಸುಳ್ಳು ಹೇಳಿದರೆ ಕಂಪ್ಲಿ ಸಿಗುತ್ತದೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳುತ್ತ ಕೇಳಿದಳು: "ಇದು ಒತ್ತಿದ್ರ ಮುಗೀತಲ್ರೀ? ನಾ ದಸರಾ ಮುಗೀತಂದ್ರ ಊರಿಗೆ ಹೊಂಟೀನಿ."

"ಊರಿಗೆ?" ರಾಯರು ತಲೆ ಎತ್ತಿದರು. "ಅದೆಂಗಮ್ಮ? ಹೆಸರು ಬರೆದ ಮೇಲೆ ಇನ್ನೂ ಎರಡು ವರ್ಷ ಒಲೆ ಆರುವ ಹಾಗಿಲ್ಲ. ಆರಿದರೆ ಹೆಸರು ಹೊಡೆದುಹಾಕುತ್ತೇವೆ. ಪೈಲ್ವಾನರಿಗೆ ಮೊದಲ ದಿನವೇ ಹೇಳಿದ್ದೆನಲ್ಲ."

ಕೊಟ್ರಬಸಮ್ಮ ಗಂಡನ ಕಡೆ ನೋಡಿದಳು. ಗಂಡ ಮಾಡಿನ ಕಡೆ ನೋಡಿದ.

"ಹೇಳಿದ್ರೇನ್ರೀ?"

"ಹೇಳಿದ್ರು ಅನಸ್ತೈತಿ," ಎಂದ ಉಜ್ಜಿನಪ್ಪ. "ನಿನಗ ಹೇಳಿದ್ರ ನೀ ಬರ್ತಿದ್ದಿಲ್ಲಲ್ಲ."

ಅವಳು ಮಸಿಯ ಬೆರಳನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದಳು. ಆಮೇಲೆ ರಾಯರ ಕಡೆ ತಿರುಗಿದಳು.

"ಬರಕೊಳ್ರಿ ರಾಯರ. ಇವರು ಕೊಲ್ಹಾಪುರದಾಗ ಒಮ್ಮೆ ನಾಕು ತಿಂಗಳು, ಇನ್ನೊಮ್ಮೆ ಮೂರು. ರಾಮನದುರ್ಗದಾಗ ಒಂದೂವರಿ. ಈ ಒಲಿ ಮ್ಯಾಲಿಂದು ಇವರು ಉಂಡಿದ್ದು ಮೂರು ತಿಂಗಳದ ಮ್ಯಾಲ ಹದಿನೈದು ದಿನ. ಉಳಿದದ್ದೆಲ್ಲ ನಾ ಒಬ್ಬಾಕೇ ಉಂಡೀನಿ."

ರಾಯರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. ಇಂಥದು ಅವರ ದಫ್ತರದಲ್ಲಿ ಹಿಂದೆ ಬಂದಿರಲಿಲ್ಲ. "ಹಾಗಾದರೆ ರೂಢಿಯ ಪ್ರಕಾರ ಈ ಊರಿನವರಾದದ್ದು ನೀವಮ್ಮ. ಪೈಲ್ವಾನರು ಆಗಲಿಲ್ಲ."

ಉಜ್ಜಿನಪ್ಪ ನಕ್ಕ. ರಾಯರು ನಗಲಿಲ್ಲವೆಂದು ತಿಳಿದು ನಿಲ್ಲಿಸಿದ. "ಕುಸ್ತಿ ಆಡಾಂವ ನಾನು. ಇಕಿ ಹೆಸರು ಬರದ್ರ ಇಕಿ ಲಂಗೋಟಿ ಕಟ್ಟತಾಳೇನು?"

"ಒಂದು ದಾರಿ ಇದೆ," ಎಂದರು ರಾಯರು, ಒಂದೊಂದು ಮಾತನ್ನೂ ಅಳೆದು. "ಒಲೆ ಇವರ ಹೆಸರಿಗೆ ಬರೆಯುತ್ತೇನೆ. ಅದರ ಕೆಳಗೆ, ಕೊಟ್ರಬಸಮ್ಮನ ಗಂಡ, ಅಂತ ನಿಮ್ಮನ್ನು ಸೇರಿಸಬಹುದು. ಅಖಾಡದಲ್ಲೂ ಹಾಗೆಯೇ ಕೂಗುತ್ತಾರೆ."

ಉಜ್ಜಿನಪ್ಪನ ಮುಖ ಕೆಂಪಾಯಿತು. ಸಾವಿರ ಜನ ಕೂಡಿದ ಕಡೆ ಹಲಗೆ ಬಾರಿಸಿ, ಕೊಟ್ರಬಸಮ್ಮನ ಗಂಡ ಬಂದ, ಎಂದು ಕೂಗುವುದನ್ನು ಅವನು ಒಂದು ಗಳಿಗೆ ಮನಸ್ಸಿನಲ್ಲೇ ಕೇಳಿಸಿಕೊಂಡಿರಬೇಕು. ಆದರೆ ಕುಸ್ತಿಯ ಹುಚ್ಚು ಅದಕ್ಕಿಂತ ದೊಡ್ಡದು. "ಹೆಂಗೆರ ಬರೀರಿ," ಎಂದ. "ಆಡಿದ್ರ ಸಾಕು."

"ಒಲಿ ನನ್ನ ಹೆಸರಿಗೆ ಬರದ್ರ ಎರಡು ವರ್ಷ ಅದನ್ನ ಉರಸಾಕಿ ಯಾರ್ರೀ?" ಎಂದಳು ಕೊಟ್ರಬಸಮ್ಮ.

"ನೀವೇ ಅಮ್ಮ."

"ಬ್ಯಾಡ್ರಿ. ಬರೀಬ್ಯಾಡ್ರಿ."

"ಹುಚ್ಚಿ ಅದೀಯೇನು," ಎಂದ ಗಂಡ. "ಇಷ್ಟು ದಿನ ಕಷ್ಟಪಟ್ಟೀವಿ."

"ಪಟ್ಟೀವಿ ಅಂತ ಅಂತಾರ ನೋಡ್ರಿ ರಾಯರ," ಎಂದು ಅವಳು ರಾಯರಿಗೇ ಹೇಳಿದಳು. "ಒಂದು ಮಾತು ಕೇಳ್ತೀನಿ. ಒಲಿ ಹೆಂಗಸರ ಹಚ್ಚಬೇಕಂತ ನಿಮ್ಮ ರೂಢಿಯಾಗ ಐತೇನ್ರಿ?"

ರಾಯರು ಯೋಚಿಸಿದರು. ಹೊಗೆ ಕಾಣಬೇಕೆಂದಿದೆ, ಊದಿದವರು ಯಾರೆಂದಿಲ್ಲ, ಎಂದರು.

"ಹಂಗಾರ ಇವರ ಊದ್ಲಿ. ಇಲ್ಲೇ ಇದ್ದಂಗೂ ಆಗ್ತೈತಿ, ಉಂಡಂಗೂ ಆಗ್ತೈತಿ. ಬರೋ ಸೋಮವಾರದಿಂದ ಎಣಸ್ರಿ."

ಗಂಡ ಮೊದಲು ಬೈದ, ಆಮೇಲೆ ಬೇಡಿಕೊಂಡ. ಆ ವರ್ಷದ ದಸರೆ ಕಳೆದುಹೋಗುತ್ತದೆಂದ. ಅವನಿಗೆ ಮೂವತ್ತೆರಡು ದಾಟಿತ್ತು, ಪೈಲ್ವಾನನಿಗೆ ಹೋದ ವರ್ಷ ಹೋದದ್ದೇ. ಕೊಟ್ರಬಸಮ್ಮನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಬಾದಾಮಿಯ ಡಬ್ಬಿ ಎಲ್ಲಿದೆ, ರೊಟ್ಟಿಗೆ ಹಿಟ್ಟು ಎಷ್ಟು, ನೀರು ಎಷ್ಟು ಎಂದು ಎರಡು ದಿನ ತೋರಿಸಿಕೊಟ್ಟಳು. ಮೂರನೆಯ ದಿನ ಗಾಡಿ ಹತ್ತಿದಳು. ಕಂಪ್ಲಿಗೆ ಬಂದಾಗ ನೀಲಗಂಗಮ್ಮ ಇನ್ನೂ ಹಿತ್ತಲಲ್ಲಿ ಸೆಗಣಿ ಬಳಿಯುತ್ತಿದ್ದಳು. ಕೊಟ್ಟಿಗೆಯಲ್ಲಿ ಮೂರು ಎಮ್ಮೆ, ಒಂದು ಹೆಣ್ಣುಗರು. ಕೊಟ್ರಬಸಮ್ಮ ಸೆರಗು ಸಿಕ್ಕಿಸಿ ತಂಗಿಯ ಕೈಯಿಂದ ಬುಟ್ಟಿ ತೆಗೆದುಕೊಂಡಳು.

ಉಜ್ಜಿನಪ್ಪ ಸಂಡೂರಿನಲ್ಲೇ ಉಳಿದ. ಹಟಕ್ಕೆ ಉಳಿದನೆಂದು ಕೆಲವರು, ಕುಸ್ತಿಗೆ ಉಳಿದನೆಂದು ಕೆಲವರು. ಮೊದಲ ತಿಂಗಳು ಅವನ ಮನೆಯ ಹೊಗೆ ಇಡೀ ಬೀದಿಗೆ ಕವಿಯುತ್ತಿತ್ತು. ಅವನು ಬಡಿದ ರೊಟ್ಟಿಯನ್ನು ಎರ್ರಮ್ಮ ತನ್ನ ಆಡಿಗೆ ಹಾಕಿದಳು, ಆಡು ಮೂಸಿ ಬಿಟ್ಟಿತು. ಮಳೆಗಾಲದ ಹೊತ್ತಿಗೆ ರೊಟ್ಟಿ ಹರಿಯದೆ ಬರತೊಡಗಿತು. ಬಾದಾಮಿ ಅರೆಯುವುದನ್ನು ಮಾತ್ರ ಅವನು ಬೇಗ ಬಿಟ್ಟುಬಿಟ್ಟ. ಹಾಗೇ ಅಗಿದರೂ ಅಷ್ಟೇ ಶಕ್ತಿ ಎಂದು ಗರಡಿಯವರಿಗೆಲ್ಲ ಹೇಳುತ್ತಿದ್ದ. ಮರುವರ್ಷ ರಾಯರು ಅವನ ಹೆಸರು ಬರೆದುಕೊಂಡರು. 1937ರ ದಸರೆಯಲ್ಲಿ ಸಂಡೂರಿನ ಉಜ್ಜಿನಪ್ಪ ಎಂದೇ ಕೂಗಿದರು. ಎರಡು ಕುಸ್ತಿ ಗೆದ್ದ, ಮೂರನೆಯದರಲ್ಲಿ ಸೋತ.

ಗೆದ್ದದ್ದಕ್ಕೆ ಸಿಕ್ಕ ರುಮಾಲು ಸುತ್ತಿಕೊಂಡು ಕಂಪ್ಲಿಗೆ ಬಂದ. ಕೊಟ್ರಬಸಮ್ಮ ಹಾಲು ಕರೆಯುತ್ತಿದ್ದಳು.

"ಅಲ್ಲೇ ನಿಲ್ರಿ. ಆ ಜರಿ ಕಂಡ್ರ ಎಮ್ಮಿ ಬೆದರ್ತೈತಿ."

ಅವನು ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತ. ಕೆಚ್ಚಲು ಬರಿದಾಗುವವರೆಗೆ ಅವಳು ಏಳಲಿಲ್ಲ.

"ಇನ್ನೂ ಎರಡು ವರ್ಷ ಒಲಿ ಉರಿಬೇಕು," ಎಂದ. "ಒಂದಾರು ತಿಂಗಳೆರ ಬಂದಿರು. ಸಾಮಿಗೆ ಹೊತ್ತ ಸಿಗವಲ್ದು. ನೀರು ತರೂದು, ಕಟ್ಟಿಗಿ ಒಡಿಯೂದು, ಬಡಿಯೂದು, ತೊಳಿಯೂದು, ಇದ್ರಾಗ ದಿನ ಹೋಗ್ತೈತಿ. ಇಷ್ಟು ಕೆಲಸ ಇರ್ತೈತಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲೇನು?"

ಅವನು ರುಮಾಲನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ.

"ಬರಂಗಿಲ್ರಿ ನಾನು," ಎಂದಳು ಕೊಟ್ರಬಸಮ್ಮ. ಹಾಲಿನ ತಂಬಿಗೆಯನ್ನು ಅವನ ಕೈಗೆ ಕೊಟ್ಟು, ಮುಂದಿನ ಎಮ್ಮೆಯ ಬಳಿ ಕುಕ್ಕರಗಾಲಲ್ಲಿ ಕುಳಿತಳು.