ಮಾವ ದಾಟಿದ ಕೂಸು

ನಮ್ಮ ಮಾವ ಯಾವುದಕ್ಕೂ ಸುತ್ತು ಹಾಕ್ಕೊಂಡು ಹೋದೋರಲ್ಲ. ದಾಟೋರು. ಹೊಲದ ಬದು, ನೀರಿನ ಕಾಲುವೆ, ಬಾಗಿಲಲ್ಲಿ ಮಲಗಿರೋ ನಾಯಿ, ಅಂಗಳದಲ್ಲಿ ಒಣಗಾಕಿರೋ ರಾಗಿ, ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂತಿರೋ ನೆಂಟ್ರು, ಎಲ್ಲಾ ಒಂದೇ ಹೆಜ್ಜೆಗೆ ಹಿಂದೆ. ಹೆಸರು ಸಣ್ಣೇಗೌಡ, ಆಳು ಆರಡಿ ಮೇಲೆ. ನಾನು ಮದುವೆಯಾಗಿ ಬಂದ ವಾರದಲ್ಲೇ ನಡುಮನೇಲಿ ಸೊಪ್ಪು ಬಿಡಿಸ್ತಾ ಕೂತಿದ್ದೆ, ಮೊರದ ಮೇಲೆ ಒಂದು ಕಾಲು ಹಾರಿ ಹೋಯ್ತು. ಬೆಚ್ಚಿಬಿದ್ದೆ. "ಪಕ್ಕದಲ್ಲಿ ಜಾಗ ಇತ್ತಲ್ಲ ಮಾವ" ಅಂದೆ. "ಸುತ್ತಾಕ್ಕೊಂಡು ಓಗಕ್ಕೆ ನಾನೇನ್ ಸಿಟಿ ಬಸ್ಸಾ?" ಅಂದ್ರು. ಅಷ್ಟರಲ್ಲಿ ಹಿತ್ತಲಲ್ಲಿದ್ರು.

ಕೂರೋದು ಅವರಿಗೆ ಗೊತ್ತೇ ಇರ್ಲಿಲ್ಲ. ಮುದ್ದೇನೂ ನಿಂತ್ಕೊಂಡೇ ನುಂಗೋರು. ಬಸ್ಸಲ್ಲಿ ಸೀಟು ಖಾಲಿ ಇದ್ರೂ ಕಂಬಿ ಹಿಡ್ಕೊಂಡು ನಿಲ್ಲೋರು. ಹುಣಸೂರು–ಪಿರಿಯಾಪಟ್ಟಣ ರಸ್ತೇಲಿ ಓಡಾಡೋ ಕಂಡಕ್ಟರುಗಳು "ಗೌಡ್ರೇ ಕೂತ್ಕೊಳಿ, ಹಿಂದಿನೋರಿಗೆ ರಸ್ತೆ ಕಾಣ್ತಿಲ್ಲ" ಅಂತ ರೇಗ್ಸೋರು. ನಾನು ಕೆ.ಆರ್. ನಗರದ ಕಡೆಯೋಳು, ನಾಲೆ ನೀರಿನ ಊರು. ನಮ್ಮಪ್ಪ ಗದ್ದೆ ಬದುವಲ್ಲಿ ಕೂತ್ಕೊಂಡೇ ಬೆಳೆ ತೆಗೆದೋರು. ಇಲ್ಲಿ ಹೊಗೆಸೊಪ್ಪು. ಸೊಪ್ಪು ಬೇಯ್ಸೋ ಬ್ಯಾರನ್ ಒಳಗೆ ಶಾಖ ಒಂಚೂರು ಹೆಚ್ಚುಕಮ್ಮಿ ಆದ್ರೂ ವರ್ಷದ ದುಡಿಮೆ ಹೋಯ್ತು. ಅದಕ್ಕೇ ಈ ಮನುಷ್ಯ ಹಿಂಗೆ ಅಂತ ಸುಮ್ಮನಾಗಿದ್ದೆ.

ನನ್ನ ಮಗಳು ಸಿಂಚನ ಆಗ ಆರು ತಿಂಗಳ ಕೂಸು. ಮಧ್ಯಾಹ್ನ ನಡುಮನೇಲಿ ಚಾಪೆ ಮೇಲೆ ಮಲಗಿಸಿದ್ದೆ. ಬ್ಯಾರನ್ ಒಲೆ ಆರ್ತಾ ಇದೆ ಅಂತ ಹೊರಗಿಂದ ಯಾರೋ ಕೂಗಿದ್ರು. ಹಿತ್ತಲಲ್ಲಿದ್ದ ಮಾವ ಮನೆಯೊಳಗಿಂದ ನುಗ್ಗಿ, ಕೂಸಿನ ಮೇಲೇ ಕಾಲು ಹಾಕಿ ದಾಟ್ಕೊಂಡು ಹೊರಟ್ರು. ಅತ್ತೆ ಕಿರುಚಿದ್ರು.

"ಯೋವ್! ಮಗೀನ ದಾಟ್ಬುಟ್ರಲ್ಲ! ಬೆಳೆಯಾಕಿಲ್ಲ ಅದು! ವಾಪಸ್ ದಾಟಿ ಬನ್ನಿ!"

ನಮ್ಮ ಕಡೆ ಎಲ್ರೂ ಹೇಳೋ ಮಾತೇ ಇದು. ಮಲಗಿರೋ ಕೂಸನ್ನ ದಾಟಿದ್ರೆ ಅದು ಅಷ್ಟಕ್ಕೇ ನಿಂತ್ಹೋಗುತ್ತಂತೆ. ದಾಟಿದೋರೇ ತಿರುಗಿ ಬಂದು, ಆ ಕಡೆಯಿಂದ ಈ ಕಡೆಗೆ ಇನ್ನೊಂದ್ಸಲ ದಾಟ್ಬೇಕಂತೆ, ಆಗ ಸರಿಹೋಗುತ್ತಂತೆ.

"ಬಂದ್ ದಾಟ್ತೀನಿ ಬುಡು, ಅದೇನ್ ಎದ್ದೋಗ್ತದಾ?" ಅಂದ್ಕೊಂಡು ಮಾವ ಓಡಿದ್ರು. ಅವರು ವಾಪಸ್ ಬರೋಷ್ಟರಲ್ಲಿ ಕೂಸು ನನ್ನ ಮಡಿಲಲ್ಲಿ ಹಾಲು ಕುಡೀತಿತ್ತು. ಎಲ್ರೂ ನಕ್ವಿ. ಮರೆತೂ ಬಿಟ್ವಿ.

ಸಿಂಚನ ಬೆಳೀಲಿಲ್ಲ. ಎರಡು ವರ್ಷ ಆದ್ರೂ ಒಂದು ವರ್ಷದ ಕೂಸಿನ ಹಂಗಿದ್ಲು. ಎದೆ ಮುಂದಕ್ಕೆ, ಕತ್ತು ಕಾಣ್ತಾನೇ ಇರ್ಲಿಲ್ಲ. ಮೈಸೂರಲ್ಲಿ ತೋರ್ಸಿದ್ವಿ, ಅಲ್ಲಿಂದ ಬೆಂಗಳೂರಿಗೆ ಕಳ್ಸಿದ್ರು. ರಕ್ತ ತಗೊಂಡ್ರು, ಎಕ್ಸ್‌ರೇ ತೆಗೆದ್ರು, ತಿಂಗಳುಗಟ್ಟಲೆ ಕಾಯ್ಸಿದ್ರು. ಕೊನೆಗೆ ಒಬ್ಬ ಡಾಕ್ಟ್ರಮ್ಮ ನಮ್ಮನ್ನ ಕೂರಿಸಿ ಹೇಳಿದ್ರು. ಕುಳ್ಳಗೆ ಇರೋದ್ರಲ್ಲಿ ಬೇಕಾದಷ್ಟು ಬಗೆ ಇದ್ಯಂತೆ, ಇವಳದ್ದು ತುಂಬಾ ಅಪರೂಪದ್ದಂತೆ, ಬೆನ್ನುಮೂಳೆಗೇ ಸಂಬಂಧಪಟ್ಟಿದ್ದಂತೆ. ಹೆಸರು ಬರ್ಕೊಟ್ರು, ಎರಡು ಸಾಲು. "ನನಗಿಂತ ಅದೇ ಉದ್ದ" ಅಂತ ನನ್ನ ಮಗಳು ಈಗ ತಮಾಷೆ ಮಾಡ್ತಾಳೆ. ಅವತ್ತು ನನಗೆ ತಮಾಷೆ ಅನ್ನಿಸ್ಲಿಲ್ಲ.

ಡಾಕ್ಟ್ರಮ್ಮ ಎರಡು ಮಾತು ಒತ್ತಿ ಹೇಳಿದ್ರು. ಒಂದು, ಕತ್ತಿನ ಮೂಳೆ ಸಡಿಲ ಇದೆ, ಲಾಗ ಹಾಕೋ ಹಂಗಿಲ್ಲ, ಯಾರೂ ಅವಳನ್ನ ಎಳೆದಾಡೋ, ಎತ್ತಿ ತೂರೋ ಹಂಗಿಲ್ಲ, ಕತ್ತಿಗೆ ಪೆಟ್ಟು ಬಿದ್ರೆ ಕೈಕಾಲೇ ಹೋಗ್ಬೋದು. ಇನ್ನೊಂದು, "ಇದು ಯಾರ ತಪ್ಪೂ ಅಲ್ಲ ಅಮ್ಮಾ. ಗರ್ಭ ಕಟ್ಟೋವಾಗ್ಲೇ ತಾನಾಗೇ ಆಗಿರೋ ಬದಲಾವಣೆ." ನಾನೂ ಯಜಮಾನ್ರೂ ಒಳಗೆ ಕೂತು ಕೇಳಿದ್ವಿ. ಮಾವ ಹೊರಗೆ ವರಾಂಡದಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡ್ತಾ ಇದ್ರು. ಬಂದು ಕೂತ್ಕೊಳ್ಳಿ ಅಂತ ನರ್ಸು ಕರೆದ್ರೂ ಬರ್ಲಿಲ್ಲ.

ಮೊದಲ್ನೇ ಮಾತು ನನ್ನ ತಲೇಲಿ ಮೊಳೆ ಹೊಡೆದ ಹಂಗೆ ಕೂತ್ಕೊಳ್ತು. ಎರಡನೇ ಮಾತು ಕಿವಿಗೆ ಬಿತ್ತು, ಒಳಗೆ ಇಳೀಲಿಲ್ಲ. ಯಾರದ್ದೂ ತಪ್ಪಿಲ್ಲ ಅಂದ್ರೆ ಹೆಂಗೆ? ನಾನು ಬಸುರೀಲಿ ಏನು ತಿಂದೆ, ಎಲ್ಲಿ ಎಡವಿದೆ, ಹಗಲೆಲ್ಲ ಅದೇ ಲೆಕ್ಕ. ನಿಂತಲ್ಲಿ ನಿಲ್ಲಕ್ಕಾಗ್ತಿರ್ಲಿಲ್ಲ. ನಾನೂ ಮಾವನ ಹಂಗೇ ಆಗ್ಬಿಟ್ಟಿದ್ದೆ.

ಅವಳಿಗೆ ಮೂರು ತುಂಬಿದಾಗ ಮನೆಗೆ ನೆಂಟ್ರು ಬಂದಿದ್ರು. ಒಬ್ರು "ಕೂಸಿಗೆ ಎಷ್ಟ್ ತಿಂಗ್ಳವ್ವ?" ಅಂದ್ರು. ಸಿಂಚನಾನೇ "ತಿಂಗ್ಳಲ್ಲ, ಮೂರು ವರ್ಷ" ಅಂದ್ಲು. ಮಾವಂಗೆ ಭಾರಿ ಖುಷಿಯಾಯ್ತು. "ಎಂಗೆ ನನ್ ಮೊಮ್ಮಗ್ಳ ಬಾಯಿ!" ಅಂತ ಅವಳ ಎರಡೂ ಕೈ ಹಿಡಿದು ಜುಯ್ ಅಂತ ಎತ್ತಿ ಹೆಗಲ ಮೇಲೆ ಕೂರಿಸ್ಕೊಂಡ್ರು. ತಲೆ ಹಿಂದಕ್ಕೆ ವಾಲಿದ್ದು ನೋಡಿ ಕಿರುಚಿದೆ.

"ದಾಟಿ ದಾಟಿ ಅವಳನ್ನ ಹಿಂಗೆ ಮಾಡಿದ್ರಿ. ಸಾಲ್ದಾ? ಈಗ ಕತ್ತೂ ಮುರೀರಿ!"

ಅಷ್ಟು ನೆಂಟ್ರ ಮುಂದೆ. ನಾನು ಬಿ.ಕಾಂ. ಓದ್ದೋಳು. ದಾಟೋದಕ್ಕೂ ಬೆಳೆಯೋದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಿದ್ದೋಳು. ಆದ್ರೂ ಅಂದೆ. ಯಾರದ್ದಾದ್ರೂ ತಪ್ಪು ಅಂತ ಆಗ್ಬೇಕಿತ್ತು ನನಗೆ, ಅವರು ಕೈಗೆ ಸಿಕ್ಕಿದ್ರು.

ಮಾವ ಮಗೂನ ಮೊಟ್ಟೆ ಇಳಿಸೋ ಹಂಗೆ ಕೆಳಗಿಳಿಸಿದ್ರು. ಹೊರಗೆ ಹೊರಟ್ರು. ಬಾಗಿಲಲ್ಲಿ ನಾಯಿ ಮಲಗಿತ್ತು. ಅದನ್ನ ಸುತ್ತು ಹಾಕ್ಕೊಂಡು ಹೋದ್ರು.

ಅವತ್ತಿಂದ ಅವರು ಏನನ್ನೂ ದಾಟ್ಲಿಲ್ಲ. ಅತ್ತೇನೂ ಆ ಮಾತು ಎತ್ತಲಿಲ್ಲ, ಮೊದಲು ಕಿರುಚಿದ್ದು ಅವರೇ ಅಲ್ವಾ.

ದಾಟೋದು ನಿಂತ್ರೂ ಓಡಾಟ ಮಾತ್ರ ಎರಡರಷ್ಟಾಯ್ತು. ವಾರಕ್ಕೊಂದ್ಸಲ ಎಲ್ಲಿಗೋ ಹೋಗೋರು. ಬೈಲಕುಪ್ಪೆಯಿಂದ ಟಿಬೆಟ್‌ನೋರ ಗುಳಿಗೆ ತಂದ್ರು. ಎಚ್.ಡಿ. ಕೋಟೆ ಕಡೆಯಿಂದ ಕಾಡುಜೇನು ತಂದ್ರು. ಯಾರೋ ಕೊಟ್ಟ ಬೇರಿನ ಪುಡಿ, ಎಂಥದೋ ಕಷಾಯ. "ಬೆಳಿಗ್ಗೆ ಕುಡಿಸವ್ವ" ಅಂತ ಅಡಿಗೆ ಮನೆ ಬಾಗಿಲಲ್ಲಿ ಇಟ್ಟು ಹೋಗೋರು. ನಾನು ಎಲ್ಲಾ ಬಚ್ಚಲಿಗೆ ಸುರೀತಿದ್ದೆ. ಬಚ್ಚಲು ನೀರು ಹೋಗೋ ಕಡೆ ಇದ್ದ ಬಾಳೆ ಮಾತ್ರ ಸೊಗಸಾಗಿ ಬೆಳೀತು. ಅವರಿಗೂ ಗೊತ್ತಿತ್ತು ಅನ್ಸುತ್ತೆ. ಆದ್ರೂ ತರ್ತಾನೇ ಇದ್ರು.

ಸಿಂಚನಂಗೆ ಆರು ವರ್ಷ. ಒಂದಿನ ಸ್ಕೂಲಿಗೆ ಬಿಡ್ತೀನಿ ಅಂತ ಕರ್ಕೊಂಡು ಹೋದ ಮಾವ ಅವಳನ್ನ ಸ್ಕೂಲಿಗೆ ಬಿಡ್ಲೇ ಇಲ್ಲ. ಟೀಚರ್ ಫೋನ್ ಮಾಡಿದ್ರು, ಯಾಕೆ ಬಂದಿಲ್ಲ ಅಂತ. ಅತ್ತೇನ ಗದರಿಸಿ ಕೇಳಿದೆ. "ಸರಗೂರಿಂದಾಚೆ ಯಾರೋ ಮೂಳೆ ಎಳ್ದು ನೀಟ್ ಮಾಡ್ತಾರಂತೆ ಕಣವ್ವ" ಅಂತ ಅಳ್ತಾ ಹೇಳಿದ್ರು. ಮೂಳೆ ಎಳೆದು! ಹುಣಸೂರಲ್ಲಿ ಒಂದು ಬಸ್ಸು, ಕೋಟೇಲಿ ಇನ್ನೊಂದು. ಆ ದಾರೀಲಿ ನಾನು ಸೀಟಲ್ಲಿ ಕೂರ್ಲಿಲ್ಲ, ಡ್ರೈವರ್ ಹಿಂದೇನೇ ನಿಂತಿದ್ದೆ, ಪ್ರತಿ ಸ್ಟಾಪಲ್ಲೂ "ಬೇಗ ಹೋಗಣ್ಣ" ಅಂತ ಜೀವ ತಿಂದೆ.

ಸರಗೂರು ಬಸ್‌ಸ್ಟ್ಯಾಂಡಲ್ಲಿ ಇಳಿದ್ರೆ ಎದುರಿಗೇ ಇದ್ದಾರೆ. ಅವಳು ಕಲ್ಲುಬೆಂಚಿನ ಮೇಲೆ ಕೂತು ಬನ್ನು ತಿಂತಾವ್ಳೆ. ಇವರು ಪಕ್ಕದಲ್ಲಿ ಕಂಬದ ಹಂಗೆ ನಿಂತವ್ರೆ.

"ಕತ್ತು ಮುಟ್ಟಿದ್ರಾ? ಹೇಳೇ, ಮುಟ್ಟಿದ್ರಾ?" ಅಂತ ಅವಳನ್ನ ತಡವಿ ತಡವಿ ನೋಡಿದೆ.

"ಇಲ್ಲಮ್ಮ. ಮೂಳೆ ಎಳೆಯೋರು ಕೈಗೆ ಎಣ್ಣೆ ಹಚ್ಕೊಂಡ್ರು. ಕತ್ತು ಮುಟ್ಟಿಸ್ಕೋಬಾರ್ದು ಅಂತ ಅಮ್ಮ ಹೇಳವ್ಳೆ ಅಂದೆ. ತಾತ ಅವ್ರ ಕೈ ಹಿಡ್ಕೊಂಬುಟ್ರು. ಬ್ಯಾಡ ಬುಡಿ ಅಂದ್ರು."

ನನ್ನ ಕೋಪ ಅದಕ್ಕೂ ಇಳೀಲಿಲ್ಲ. ಬಸ್‌ಸ್ಟ್ಯಾಂಡು ತುಂಬಾ ಕೇಳೋ ಹಂಗೆ ಬೈದೆ. ಮಾವಂಗೆ ಹಂಗೆಲ್ಲ ಬೈಬಾರ್ದು ಅಂತ ಹೂ ಮಾರೋ ಹೆಂಗಸು ನನಗೇ ಬುದ್ಧಿ ಹೇಳೋಕೆ ಬಂದ್ಲು. ಮಾವ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಹೇಳಿದ್ರು:

"ಅಂಗಾರೆ ನಾನೇನ್ ಮಾಡ್ಲವ್ವ? ಮಾಡ್ದೋನು ನಾನು. ಸುಮ್ಕೆ ಕುಂತ್ಕೊಳ್ಳಾ?"

ಅವಾಗ್ಲೇ ಹೇಳ್ಬೇಕಿತ್ತು, 'ಮಾಡಿದ್ದು ನೀವಲ್ಲ' ಅಂತ. ನಾಲಿಗೆ ತುದೀಗೆ ಬಂದಿತ್ತು. ಆದ್ರೆ ನಾನಂದಿದ್ದು ಬೇರೆ. "ಮನೇಲಿ ಒಂದು ಸ್ವಿಚ್ಚೂ ಅವಳ ಕೈಗೆ ಎಟುಕಲ್ಲ. ಪ್ರತಿಯೊಂದಕ್ಕೂ ಯಾರನ್ನಾದ್ರೂ ಕೂಗ್ಬೇಕು. ಅಷ್ಟು ಮಾಡೋ ಆಸೆ ಇದ್ರೆ ಅದನ್ನ ಮಾಡಿ."

ಮಾರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಆರಡಿ ಮನುಷ್ಯ ನಡುಮನೇಲಿ ಮೊಣಕಾಲೂರಿ ನಡೀತಾವ್ರೆ. ಕೈಯಲ್ಲಿ ಸೀಮೆಸುಣ್ಣ. ಹಿಂದೆ ಸಿಂಚನ. ಅವಳು ಗೋಡೆಗೆ ಕೈ ಎತ್ತೋದು, ಇವರು ಅಲ್ಲಿ ಗೀಟು ಎಳೆಯೋದು. ಸ್ವಿಚ್ಚು, ಚಿಲಕ, ನಲ್ಲಿ, ಬಟ್ಟೆ ನೇತಾಕೋ ಮೊಳೆ, ದೇವರ ಗೂಡು.

"ಎದ್ದು ನಿಂತ್ಕೊಂಡೇ ಗೀಟು ಹಾಕ್ಬೋದಲ್ಲ ಮಾವ?"

"ನಿಂತ್ಕಂಡ್ರೆ ನಂಗೇನ್ ಕಾಣ್ತದೆ? ಇಲ್ಲಿಂದ ನೋಡು, ಆ ಮೇಜಿನ್ ಮೂಲೆ ನೆಟ್ಟಗೆ ಕಣ್ಣಿಗೇ ಬತ್ತದೆ. ಇಷ್ಟ್ ದಿನ ಯಾರಾರ ನೋಡಿದ್ರಾ ಇದ್ನ?"

"ತಾತ, ನೀವು ಮೊಣಕಾಲಲ್ಲೂ ನನಗಿಂತ ಉದ್ದ" ಅಂದ್ಲು ಸಿಂಚನ.

"ಬುಡು, ಇನ್ನೊಂಚೂರ್ ಬಗ್ತೀನಿ."

ಆ ಮೇಜಿನ ಮೂಲೇನ ಅವತ್ತೇ ಗರಗಸ ತಂದು ಕುಯ್ದ್ರು. ಒಂದು ತಿಂಗಳಲ್ಲಿ ಇಡೀ ಮನೆ ಕೆಳಗಿಳೀತು. ದೀಪ ಹಾಕ್ಬೇಕು ಅಂದ್ರೆ ಈಗ ನಾವೆಲ್ಲ ಬಗ್ಬೇಕು.

ಆಮೇಲೆ ಸ್ಕೂಲು. ಅಲ್ಲಿ ಹೆಣ್ಮಕ್ಕಳ ಟಾಯ್ಲೆಟ್ಟಿನ ಚಿಲಕ ಮೇಲಿತ್ತು, ಸಿಂಚನ ಬೆಳಿಗ್ಗೆಯಿಂದ ಸಂಜೆ ತನಕ ತಡ್ಕೊಂಡು ಬರೋಳು. ಮಾವ ಹೆಡ್‌ಮಾಸ್ಟ್ರ ರೂಮಿಗೆ ಹೋಗಿ ನಮಸ್ಕಾರ ಮಾಡಿ ಮೊಣಕಾಲೂರಿದ್ರು. ಹೆಡ್‌ಮಾಸ್ಟ್ರು ಗಾಬರಿಯಾಗಿ ಎದ್ರು.

"ಅಯ್ಯೋ ಗೌಡ್ರೇ, ಏಳಿ, ಕಾಲಿಗೆ ಬೀಳೋವಂಥದ್ದು ಏನಾಯ್ತು?"

"ಕಾಲಿಗೆ ಬಿದ್ದಿಲ್ಲ ಮೇಷ್ಟ್ರೇ. ನೀವೂ ಇಂಗೇ ಬನ್ನಿ. ಇಂಗೇ ಆ ಕಕ್ಕಸ್ಸಿನ ಬಾಗ್ಲು ಆಕಿ, ನೋಡವ."

ಹೆಡ್‌ಮಾಸ್ಟ್ರು ಪಾಪ ಒಳ್ಳೇ ಮನುಷ್ಯ. ಇಸ್ತ್ರಿ ಪ್ಯಾಂಟಲ್ಲೇ ಮೊಣಕಾಲೂರಿ ಹೋಗಿ ನೋಡಿದ್ರಂತೆ. ಮಕ್ಕಳೆಲ್ಲ ಕಿಟಕೀಲಿ ನಿಂತು ಕೇಕೆ ಹಾಕಿದ್ವಂತೆ. ಸಂಜೆಯೊಳಗೆ ಚಿಲಕ ಕೆಳಗೆ ಬಂತು.

ಇಷ್ಟೆಲ್ಲ ಮಾಡಿದ ಮನುಷ್ಯನ ಮುಂದೆ 'ಮಾಡಿದ್ದು ನೀವಲ್ಲ' ಅಂತ ಆ ಒಂದು ಮಾತು ವಾಪಸ್ ತಗೊಳ್ಳಕ್ಕೆ ನನಗೆ ಆಗ್ಲಿಲ್ಲ ನೋಡಿ. ಇವತ್ತು ಹೇಳ್ತೀನಿ, ಹಬ್ಬ ಕಳೀಲಿ ಹೇಳ್ತೀನಿ, ಸೊಪ್ಪು ಮಾರಾಟ ಮುಗೀಲಿ ಹೇಳ್ತೀನಿ. ಒಂದೊಂದ್ಸಲ ಕಾಫಿ ಲೋಟ ಹಿಡ್ಕೊಂಡು ಅವರ ಹಿಂದೆ ಅಂಗಳದ ತನಕ ಹೋಗಿದ್ದೀನಿ. ಆದ್ರೆ ಈ ಮನುಷ್ಯ ನಿಲ್ಬೇಕಲ್ಲ! ಸುಳ್ಳು ಯಾಕೆ ಹೇಳ್ಲಿ, ಅವರು ನಿಂತಾಗ್ಲೂ ಹೇಳ್ಲಿಲ್ಲ. ಸರಗೂರಿಂದ ಬಂದ್ಮೇಲೂ ಏಳು ವರ್ಷ ಹಿಂಗೇ ಹೋಯ್ತು.

ಹೋದ ವರ್ಷ ಅವರಿಗೆ ಉಸಿರಿನ ತೊಂದರೆ ಶುರುವಾಯ್ತು. ಮೈಸೂರಲ್ಲಿ ಆಸ್ಪತ್ರೆಗೆ ಸೇರಿಸಿದ್ವಿ. ಮಂಚ ಸಾಲದೆ ಪಾದ ಎರಡೂ ಹೊರಗೆ. ಅವರು ಮಲಗಿದ್ದನ್ನ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಈಗ ಹೇಳ್ದೆ ಇದ್ರೆ ಇನ್ಯಾವಾಗ ಅನ್ನಿಸ್ತು. ಪಕ್ಕದಲ್ಲಿ ಕೂತು ಒಂದೇ ಉಸಿರಲ್ಲಿ ಹೇಳ್ಬಿಟ್ಟೆ. ಅವತ್ತು ನಾನು ಕೋಪಕ್ಕೆ ಅಂದಿದ್ದು, ದಾಟೋದ್ರಿಂದ ಏನೂ ಆಗಲ್ಲ, ಡಾಕ್ಟ್ರಮ್ಮ ಅವಾಗ್ಲೇ ಹೇಳಿದ್ರು, ಅದು ಹುಟ್ಟೋಕೆ ಮುಂಚೇನೇ ಆಗಿದ್ದು, ತಪ್ಪು ನಂದು, ಕ್ಷಮಿಸಿ.

ಮಾವ ನನ್ನ ಮುಖಾನೇ ನೋಡಿದ್ರು. ಆಮೇಲೆ ಸಣ್ಣಗೆ ನಕ್ರು.

"ನೀನು ಇಷ್ಟ್ ನಯವಾಗಿ ಮಾತಾಡ್ತಾ ಇದ್ದೀಯ ಅಂದ್ರೆ ಡಾಕ್ಟ್ರು ನಂಗೆ ದಿನ ಎಣಿಸವ್ರೆ ಕಣವ್ವ."

"ಮಾವ, ನಿಜ ಹೇಳ್ತಿದ್ದೀನಿ."

"ಆಯ್ತು ಬುಡು. ಒಳ್ಳೇವ್ಳು ನೀನು."

ನನಗೆ ಅಲ್ಲೇ ತಲೆ ಚಚ್ಚಿಕೊಳ್ಳೋ ಹಂಗಾಯ್ತು. ನಿಜಾನೇ ಹೇಳಿದ್ರೂ ಸಾಯೋರಿಗೆ ಹೇಳೋ ಸಮಾಧಾನದ ಹಂಗೆ ಕೇಳ್ಸುತ್ತೆ. ಸಿಂಚನ ಅಲ್ಲೇ ಇದ್ಲು, ಹದಿಮೂರು ವರ್ಷದ ಬಾಯಿ.

"ದಾಟಿ ಕುಳ್ಳಿ ಮಾಡಕ್ಕೆ ನೀವೇನ್ ಮಂತ್ರವಾದೀನಾ ತಾತ? ಅಷ್ಟು ಪವರ್ ಇದ್ರೆ ನಮ್ಮ ಗಣಿತದ ಮಿಸ್ಸನ್ನ ಒಂದ್ಸಲ ದಾಟಿ."

ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿ, "ನೀನೇ ಏಳ್ಕೊಟ್ಟು ಕರ್ಕೊಂಡ್ ಬಂದಿದ್ದೀಯ" ಅಂದ್ರು.

"ಆ ಡಾಕ್ಟ್ರಮ್ಮನ ಬಾಯಲ್ಲಿ ಕೇಳಿದ್ರೆ ನಂಬ್ತೀರಾ?"

"ಅವ್ರ್ಗೆ ನನ್ ತಾವ ಸುಳ್ಳೇಳ್ಬೇಕಾದ್ದು ಏನದೆ? ಕೇಳ್ತೀನಿ."

ಹೊರಗೆ ಬಂದು ಬೆಂಗಳೂರಿಗೆ ಫೋನ್ ಮಾಡಿದೆ. ಡಾಕ್ಟ್ರಮ್ಮ ಪೂರ್ತಿ ಕೇಳಿಸ್ಕೊಂಡ್ರು. "ಗುರುವಾರ ಎರಡು ಗಂಟೆಗೆ ನಾನೇ ಮಾಡ್ತೀನಿ, ತಾತನ ಹತ್ರಾನೇ ಮಾತಾಡ್ತೀನಿ" ಅಂದ್ರು. ವಾಪಸ್ ಬಂದು ಮಾವಂಗೆ ಹೇಳಿದೆ. ಗುರುವಾರಕ್ಕೆ ಇನ್ನೂ ಮೂರು ದಿನ. "ಎರಡ್ ಗಂಟೆಗಾ?" ಅಂತ ಕೇಳಿ, ಗೋಡೆ ಗಡಿಯಾರ ನೋಡಿದ್ರು.

ಮಂಗಳವಾರ ಮಧ್ಯಾಹ್ನ ಹೋಗ್ಬಿಟ್ರು. ಬುಧವಾರ ಹೊಲದಲ್ಲಿ ಮಣ್ಣು ಮಾಡಿದ್ವಿ.

ಗುರುವಾರ ಮನೆ ತುಂಬಾ ಜನ. ಹತ್ತು ವರ್ಷದ ಹಿಂದೆ ನಾನು ಮಾವಂಗೆ ಅಂದ ಮಾತು ಕೇಳಿಸ್ಕೊಂಡಿದ್ದ ನೆಂಟ್ರೂ ಇದ್ರು. ಎರಡು ಗಂಟೆಗೆ ಸರಿಯಾಗಿ ಫೋನ್ ಬಂತು. ಮಾವ ಇಲ್ಲ ಅಂತ ಹೇಳಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟ್ರಮ್ಮನೇ "ತಾತಂಗೆ ಕೊಡಿ" ಅಂದ್ರು. ನಾನು ಸ್ಪೀಕರ್ ಹಾಕಿ ಫೋನನ್ನ ಚಾಪೆ ಮೇಲೆ ಇಟ್ಟೆ.

"ಸಣ್ಣೇಗೌಡ್ರೇ, ನಮಸ್ಕಾರ. ನಿಮ್ಮ ಮೊಮ್ಮಗಳು ಕುಳ್ಳಗಿರೋದು ನೀವು ದಾಟಿದ್ದಕ್ಕಲ್ಲ. ನಿಮ್ಮ ತಪ್ಪಲ್ಲ, ನಿಮ್ಮ ಮನೇಲಿ ಯಾರ ತಪ್ಪೂ ಅಲ್ಲ. ತಾತ, ಕೇಳಿಸ್ತಾ ಇದೆಯಾ?"

ಮೂಲೇಲಿ ಕೂತಿದ್ದ ಅತ್ತೆ ಬಾಯಿಗೆ ಅಡ್ಡ ಇಟ್ಕೊಂಡಿದ್ದ ಸೆರಗು ತೆಗೆದು, ಫೋನಿನ ಕಡೆ ಬಗ್ಗಿದ್ರು.

"ಊ ಕಣವ್ವ, ಕೇಳಿಸ್ತಾ ಅದೆ" ಅಂದ್ರು. "ಇನ್ನೊಂದ್ ಕಿತ ಹೇಳು."