ಹೆಸರು ಉದ್ದ, ಆಯುಷ್ಯ ಗಿಡ್ಡ

ಅವರ ತುಟಿಗಳ ನಡುವೆ ಸದಾ ಮೂರು ನಾಲ್ಕು ಗುಂಡುಪಿನ್ನುಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು, ನಗುತ್ತಿದ್ದರು, ಗಿರಾಕಿಗಳನ್ನು ಗದರುತ್ತಿದ್ದರು. ಒಂದಾದರೂ ಕೆಳಗೆ ಬಿದ್ದದ್ದನ್ನು ನಾನು ಕಾಣೆ.

ಅಮೆರಿಕದ ವೆಸ್ಟ್ ವಿಂಡ್ಸರಿನಲ್ಲಿ ನಮ್ಮ ಮನೆ ಹತ್ತಿರದ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಹೊಲಿಗೆ ಮಿಷನ್ನು. ಇಥಿಯೋಪಿಯಾದ ಪೂರ್ವ ತುದಿಯ ಒಂದು ಊರಿನ ಸೊಮಾಲಿ ಹೆಂಗಸು. ನಾನು ಮೈಸೂರಿನ ಮಂಡಿ ಮೊಹಲ್ಲಾದವಳು. ಊರ ಟಾಕೀಸಿನಲ್ಲಿ ಸಿನಿಮಾ ನೋಡಿ ನೋಡಿ ಕಲಿತ ಅವರ ಹಿಂದಿಗೂ ನನ್ನ ಮನೆಯ ಉರ್ದುವಿಗೂ ಹೇಗೋ ಹೊಂದಿಕೆಯಾಯಿತು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎಂದೆ. ಅವರ ಭಾಷೆಯಲ್ಲಿ ಅಕ್ಕತಂಗಿಯರಿಗೆ ‘ಅಬಾಯೊ’ ಎನ್ನುತ್ತಾರಂತೆ. ಎರಡೂ ಒಂದೇ ಥರ ಕೇಳಿಸುವುದು ಅವರಿಗೆ ಬಹಳ ಖುಷಿ ಕೊಟ್ಟಿತು.

ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದ ಕಾಲ. ನನ್ನ ಗಂಡ ಮ್ಯಾನ್‌ಹಟನ್ನಿನ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದರು. ಇಂಟರ್‌ವ್ಯೂಗೆಂದು ಹಳೇ ಸೂಟು ತೆಗೆದರೆ ಪ್ಯಾಂಟು ಸೊಂಟದಲ್ಲಿ ನಿಲ್ಲಲಿಲ್ಲ. ಟೈಟ್ ಮಾಡಿಸಲು ಒಯ್ದೆ. ಅಂಥ ಪ್ಯಾಂಟುಗಳೇ ಅಲ್ಲಿ ರಾಶಿ ಬಿದ್ದಿದ್ದವು.

“ಬಟ್ಟೆ ಕತ್ತರಿಸಿಲ್ಲ, ಒಳಗೆ ಮಡಚಿದೀನಿ. ಕೆಲಸ ಸಿಕ್ಕ ಮೇಲೆ ದಪ್ಪ ಆಗ್ತಾನೆ, ಆಗ ಬಿಚ್ಚಿಕೊಡ್ತೀನಿ” ಎಂದರು ಆಪಾ, ವಾಪಸು ತರಲು ಹೋದಾಗ. ನಾನು ಅಲ್ಲೇ ಅತ್ತುಬಿಟ್ಟೆ. ಫ್ಲಾಸ್ಕಿನಿಂದ ಏಲಕ್ಕಿ ಚಹಾ ಬಗ್ಗಿಸಿಕೊಟ್ಟು, ಅಳು ಮುಗಿಯುವ ತನಕ ನನ್ನ ಕಡೆ ನೋಡದೆ ಹೊಲಿಯುತ್ತಿದ್ದರು.

ಆಮೇಲೆ ಮಕ್ಕಳನ್ನು ಶಾಲೆಗೆ ಬಿಟ್ಟು ನಾನು ಅಲ್ಲಿಗೇ ಹೋಗತೊಡಗಿದೆ. ಒಂದು ದಿನ ಅವರು ಪೌರತ್ವದ ಅರ್ಜಿ ನನ್ನ ಮುಂದಿಟ್ಟರು. ಅವರ ಹದಿನೇಳರ ಮಗಳು ನೈರೋಬಿಯಲ್ಲಿ, ದೊಡ್ಡಮ್ಮನ ಮನೆಯಲ್ಲಿದ್ದಳು. ಪೌರತ್ವ ಸಿಕ್ಕರೆ ಅವಳನ್ನು ಬೇಗ ಕರೆಸಿಕೊಳ್ಳಬಹುದು. ಅವರು ಹೇಳಿದಂತೆ ತುಂಬುತ್ತಾ ಹೋದೆ. ‘ಈವರೆಗೆ ಯಾವ ಯಾವ ಸಂಘಟನೆಯ ಸದಸ್ಯರಾಗಿದ್ದಿರಿ?’ ಎಂಬ ಪ್ರಶ್ನೆ ಬಂತು. ಆಪಾ ಬಾಯಿಂದ ಪಿನ್ನುಗಳನ್ನು ತೆಗೆದಿಟ್ಟು, ಸೊಮಾಲಿಯಲ್ಲಿ ಒಂದು ಉದ್ದನೆಯ ಹೆಸರು ಹೇಳಿದರು.

ನಾನು ಪೆನ್ನು ಎತ್ತಿದೆ. “ಏನಿದು ಆಪಾ?”

ಅವರ ನಾಡಿನಲ್ಲಿ ಅಂತರ್ಯುದ್ಧದ ಕಾಲ. ಸರ್ಕಾರದ ವಿರುದ್ಧ ಸೊಮಾಲಿಗಳದೇ ಒಂದು ದೊಡ್ಡ ಚಳವಳಿ ಹೋರಾಡುತ್ತಿತ್ತು. ಅದು ಶಾಲೆಯ ಮಕ್ಕಳ ಕೈಗೂ ಬಂದೂಕು ಕೊಡತೊಡಗಿದಾಗ, ಮೇಷ್ಟ್ರಾಗಿದ್ದ ಆಪಾರ ಅಣ್ಣ ಇನ್ನು ಕೆಲವು ಮೇಷ್ಟ್ರುಗಳೊಂದಿಗೆ ಹೊರಬಂದು ತಮ್ಮದೇ ಗುಂಪು ಕಟ್ಟಿದ. ಆಪಾ ಆ ಗುಂಪಿಗೆ ಅಡಿಗೆ ಮಾಡಿದರು, ಬಾವುಟ ಹೊಲಿದುಕೊಟ್ಟರು.

“ಒಂದು ಮಳೆಗಾಲಕ್ಕೆ ಹುಟ್ಟಿತು, ಮುಂದಿನ ಮಳೆ ಬರೋ ಹೊತ್ತಿಗೆ ಮುಗೀತು. ಹೆಸರು ಉದ್ದ, ಆಯುಷ್ಯ ಗಿಡ್ಡ” ಎಂದು ನಕ್ಕರು. ಸರ್ಕಾರದವರೂ ಅಟ್ಟಿಸಿಕೊಂಡು ಬಂದರು, ಚಳವಳಿಯವರೂ ಬಂದರು. ಒಂದು ಬೆಳಿಗ್ಗೆ ನೀರಿಗೆ ಹೋದ ಅಣ್ಣ ತಿರುಗಿ ಬರಲಿಲ್ಲ.

“ಬಂದೂಕು ಇತ್ತಾ?”

“ಅವರ ಹತ್ತಿರ ಒಂದಿಷ್ಟು ಇದ್ದವು. ನನ್ನ ಹತ್ತಿರ ಕತ್ತರಿ ಇತ್ತು.”

ಅವತ್ತು ಅರ್ಜಿಯನ್ನು ಮನೆಗೆ ತಂದೆ. ನನ್ನ ಗಂಡ ಓದಿ, ನಾನು ಹೇಳಿದ್ದನ್ನೂ ಕೇಳಿ, “ಆ ಕಾಲಂ ಬ್ಲ್ಯಾಂಕ್ ಬಿಡೋಕೆ ಹೇಳು. ಯಾರು ಚೆಕ್ ಮಾಡ್ತಾರೆ? ಮಗಳು ಬರಬೇಕಲ್ವಾ, ಬಂದೂಕಿದ್ದ ಗುಂಪು ಅಂದ್ರೆ ಅನುಮಾನ ಪಡ್ತಾರೆ, ಸುಮ್ನೆ ರಿಸ್ಕ್ ಯಾಕೆ?” ಎಂದರು. ನನಗೂ ಹಾಗೇ ಅನ್ನಿಸಿತ್ತು. ಮರುದಿನ ಹೇಳಿದೆ.

ಆಪಾ ಅರ್ಜಿಯನ್ನು ನನ್ನ ಕಡೆಗೆ ತಳ್ಳಿದರು. “ಆ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾನೂ ಇಲ್ಲ ಅಂದುಬಿಟ್ಟರೆ, ನನ್ನ ಅಣ್ಣ ಯಾತಕ್ಕೆ ಸತ್ತ ಹಾಗಾಯ್ತು? ಬರಿ.”

ಅವರು ಒಂದೊಂದೇ ಅಕ್ಷರ ಹೇಳಿದರು. ಬರೆದೆ.

ಪೌರತ್ವದ ಇಂಟರ್‌ವ್ಯೂಗೆ ನಾನೇ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಅಧಿಕಾರಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಪ್ರಶ್ನೆ ಕೇಳಿದರಂತೆ. ಆಮೇಲೆ ಬಂದದ್ದು ‘ಪರಿಶೀಲನೆಯಲ್ಲಿದೆ’ ಎಂಬ ಕಾಗದ. ಒಂದು ಚಳಿಗಾಲ ಹೋಯಿತು, ಎರಡು ಹೋದವು. ನನ್ನ ಗಂಡನಿಗೆ ಪ್ರಿನ್ಸ್‌ಟನ್ನಿನಲ್ಲಿ ಕೆಲಸ ಸಿಕ್ಕಿತು. ಆಪಾ ಮಾತಿನಂತೆ ಪ್ಯಾಂಟಿನ ಮಡಿಕೆ ಬಿಚ್ಚಿಕೊಟ್ಟರು. ಪೌರತ್ವದ ಕಾಗದ ಮಾತ್ರ ಬರಲಿಲ್ಲ. ಶನಿವಾರದ ಫೋನಿನಲ್ಲಿ ಮಗಳು ಅಳುವುದು ಮಿಷನ್ನಿನ ಆಚೆ ಕೂತ ನನಗೂ ಕೇಳಿಸುತ್ತಿತ್ತು.

“ನಾನು ಆ ಸಾಲು ಬರೀಬಾರದಿತ್ತು ಆಪಾ” ಎಂದೆ ಒಮ್ಮೆ.

ಅವರು ನನ್ನ ಗಲ್ಲ ಹಿಡಿದೆತ್ತಿದರು. “ಹೇಳಿದ್ದು ನಾನು, ಬರೆದದ್ದು ನಿನ್ನ ಕೈ ಅಷ್ಟೇ. ತಪ್ಪಿದ್ದರೆ ನನ್ನದು. ನೀನು ಚಹಾ ಕುಡಿ.”

ನಾಲ್ಕನೇ ವರ್ಷ ಪೌರತ್ವ ಸಿಕ್ಕಿತು, ಅದರ ಮರುವರ್ಷ ಮಗಳು ಬಂದಳು. ವಿಮಾನ ನಿಲ್ದಾಣದಲ್ಲಿ ಆಪಾ ಅವಳನ್ನು ತಬ್ಬಿಕೊಳ್ಳುವ ಮೊದಲು ಭುಜ ಮುಟ್ಟಿ, ತೋಳು ಮುಟ್ಟಿ, ಅಳತೆ ನೋಡಿದರು. ಪಾಪ, ಹಳೇ ಫೋಟೋ ನೋಡಿ ಹೊಲಿದಿಟ್ಟಿದ್ದ ಬಟ್ಟೆಗಳೆಲ್ಲ ಚಿಕ್ಕವಾಗಿದ್ದವು.

ತಾಯಿ ಮಗಳು ಸೊಮಾಲಿಗಳು ಹೆಚ್ಚಿರುವ ಮಿನೆಸೋಟಾಕ್ಕೆ ಹೋದರು. ಕೆಲವು ವರ್ಷಗಳಾದ ಮೇಲೆ ಕಿಡ್ನಿ ಕೈಕೊಟ್ಟು ಆಪಾ ತೀರಿಕೊಂಡರು. ಹಿಮ ಬಿದ್ದು ವಿಮಾನ ರದ್ದಾಗಿ ಮಣ್ಣಿಗೆ ಹೋಗಲಾಗಲಿಲ್ಲ. ಅದರ ನೋವು ಇನ್ನೂ ಇದೆ.

ತಿಂಗಳಾದ ಮೇಲೆ ಮಗಳ ಫೋನು ಬಂತು. ಅಮ್ಮನ ಕಾಗದಗಳನ್ನು ನೋಡುತ್ತಿದ್ದಳಂತೆ. “ಆಂಟಿ, ಈ ಅರ್ಜೀಲಿ ಒಂದು ಹೆಸರಿದೆ. ಹ್ಯಾಂಡ್‌ರೈಟಿಂಗ್ ನಿಮ್ಮದು. ಅಮ್ಮ ಯಾವತ್ತೂ ಹೇಳಲಿಲ್ಲ. ನಾನು ಅಷ್ಟು ವರ್ಷ ಅಲ್ಲಿ ಕಾದಿದ್ದು ಇದರಿಂದಲಾ?”

ಸುಳ್ಳು ಹೇಳಬಹುದಿತ್ತು. “ಹೌದು ಮಗಳೇ” ಎಂದೆ. “ಕೂತ್ಕೋ, ಹೇಳ್ತೀನಿ.”

ಅವಳು ನೋಡದಿದ್ದ ಸೋದರಮಾವನಿಂದ ಶುರು ಮಾಡಿದೆ.