ಗೋಡೆಯ ಕಡೆ ಬಾಗಿಲಿಟ್ಟ ಗುಡಿಸಲು

12 ಸೆಪ್ಟೆಂಬರ್ 1993, ಭಾನುವಾರ, ಬೆಳಗ್ಗೆ ಏಳು ಹತ್ತು.

ನಾಸಿಕದ ನಮ್ಮ ಓಣಿಯ ತುದಿಗೆ ಉಡುಪಿ ಕಡೆಯವರ ಹೋಟೆಲಿದೆ. ಅಲ್ಲಿಂದ ತಂದ ಉಪ್ಪಿಟ್ಟಿನ ಪೊಟ್ಟಣ ಈಗಷ್ಟೇ ಬಿಚ್ಚಿದೆ. ಬಿಸಿ ತಾಗಿದ ಮುತ್ತುಗದ ಎಲೆಯ ವಾಸನೆ ನಿಮಗೂ ಗೊತ್ತಿರಬೇಕು. ನನಗೆ ಅದು ಬಂದರೆ ವಿದ್ಯಾ ನೆನಪಾಗುತ್ತಾಳೆ, ತಿಂಡಿ ಆರಿಹೋಗುತ್ತದೆ.

ನಾಲ್ಕು ವರ್ಷದ ಹಿಂದೆ, ನನಗೆ ಹತ್ತೊಂಬತ್ತು ತುಂಬಿದಾಗ, ವರ್ಗವಾಗಿ ಬಂದ ಬ್ಯಾಂಕಿನವರ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತಿದ್ದೆ. ಒಟ್ಟು ಹದಿನಾಲ್ಕು ಮಕ್ಕಳು. ಬರೀ ಕಾಗುಣಿತವಾದರೆ ಆಕಳಿಸುತ್ತಾರೆಂದು ಆಫ್ರಿಕಾದ ಮಳೆಕಾಡಿನ ಎಂಬೂಟಿ ಜನರ ದಿನಚರಿಯನ್ನು ಪಾಠ ಮಾಡಿಕೊಂಡೆ. ಬೆಳಗ್ಗೆ ಬಲೆ ಹೊತ್ತು ಬೇಟೆಗೆ ಹೋಗುವುದು, ಜೇನು ಇಳಿಸುವುದು, ಹೆಂಗಸರೇ ಎಳೆಯ ಕೋಲು ಬಾಗಿಸಿ ಎಲೆ ಹೊದಿಸಿ ಗುಡಿಸಲು ಕಟ್ಟುವುದು. ನೆರೆಯವಳ ಮೇಲೆ ಮುನಿಸಾದರೆ ಅಲ್ಲಿನ ಹೆಂಗಸು ಜಗಳ ಕಾಯುವುದಿಲ್ಲ, ಗುಡಿಸಲ ಬಾಗಿಲನ್ನೇ ಬೇರೆ ಕಡೆ ತಿರುಗಿಸಿಬಿಡುತ್ತಾಳೆ ಎಂದೆ. ಒಬ್ಬ ಹುಡುಗ, "ನಮ್ಮ ಬಿಲ್ಡಿಂಗಿನ್ಯಾಗ ಹಂಗ ಮಾಡಿದ್ರ ದಿನಾ ತಿರುಗಸೂದ ಆಗ್ತದರಿ ಅಕ್ಕಾ" ಎಂದ.

ಪಾಠದ ಕೊನೆಗೆ ಪ್ರತಿ ಮಗು ತನ್ನ ದಿನಚರಿ ಹೇಳಬೇಕು. ನನ್ನ ರೋಗ ಶುರುವಾಗುವುದು ಇಲ್ಲೇ. ಎಣಿಸದೆ ನನಗೆ ಯಾವುದೂ ಪೂರ್ತಿಯೆನಿಸದು. ಬಸ್ಸು ತಡವಾದ ದಿನ, ಅಮ್ಮ ಬೈದ ದಿನ, ಎಲ್ಲಕ್ಕೂ ಗೆರೆ ಹಾಕಿಟ್ಟಿದ್ದೇನೆ. ಮಕ್ಕಳು ಹೇಳುವಾಗ ನುಸುಳಿದ ಮರಾಠಿ ಪದಗಳಿಗೂ ಗೆರೆ ಎಳೆದೆ, ಆಮೇಲೆ ಲೆಕ್ಕವನ್ನು ಗಟ್ಟಿಯಾಗಿ ಓದಿದೆ. ಎಲ್ಲರಿಗಿಂತ ಹೆಚ್ಚು ಒಂಬತ್ತು ವರ್ಷದ ವಿದ್ಯಾಳದು: ಇಪ್ಪತ್ತಮೂರು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದಳು. ಎಲ್ಲರೂ ನಕ್ಕರು, ಮೊದಲು ನಕ್ಕವಳು ನಾನು. ಅವಳು ಆಮೇಲೆ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ಮುಂದಿನ ಭಾನುವಾರ ಹೋಟೆಲಿನಿಂದ ಎಲೆ ತಂದು ಪುಟ್ಟ ಗುಡಿಸಲು ಮಾಡಿಸಿದೆ. ಎಲ್ಲರ ಗುಡಿಸಲ ಬಾಗಿಲೂ ನನ್ನ ಕುರ್ಚಿಯ ಕಡೆಗಿತ್ತು. ವಿದ್ಯಾಳದು ಮಾತ್ರ ಗೋಡೆಯ ಕಡೆ. ಅಂದವಾಗಿ ಕಟ್ಟಿದ್ದಳು. "ಬಾಗಿಲು ತಪ್ಪು" ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಅವಳು ನನ್ನನ್ನೇ ನೋಡುತ್ತಿದ್ದಳು.

ಅದೇ ವಾರ ಅವರ ಮನೆಯವರು ಔರಂಗಾಬಾದಿಗೆ ಹೊರಟುಹೋದರು, ತಂದೆಗೆ ವರ್ಗವಾಗಿತ್ತು. ಎಂಟು ದಿನದ ಮೇಲೆ ಪಾಠದ ಟಿಪ್ಪಣಿ ನಕಲು ಮಾಡುವಾಗ, ಬಾಗಿಲು ತಿರುಗಿಸುವ ಹೆಂಗಸಿನ ಸಾಲನ್ನು ನನ್ನದೇ ಅಕ್ಷರದಲ್ಲಿ ಓದಿದೆ. ಪಾಠ ಕಲಿತವಳು ಅವಳೊಬ್ಬಳೇ. ಹೇಳಬೇಕಾದ್ದನ್ನು ನನಗೆ ಹೇಳಿದ್ದಳು. ನಾನು ಅದಕ್ಕೆ ಅಂಕ ಕೊಟ್ಟಿದ್ದೆ.

ಮನ್ಮಾಡಿನಲ್ಲಿ ಗಾಡಿ ಬದಲಿಸಿ ಅವರ ಮನೆಗೆ ಹೋದೆ. ತಾಯಿ ಚಹಾ ಕೊಟ್ಟು, "ಅಷ್ಟಕ್ಕ ಇಲ್ಲೀತನಕ ಬಂದ್ರೇನ್ರಿ? ಹುಡುಗ್ರು ಮರೀತಾವ ಬಿಡ್ರಿ" ಎಂದರು. ವಿದ್ಯಾ ಮರೆತಿರಲಿಲ್ಲ. ನಾನು ತಪ್ಪಾಯಿತೆಂದೆ, ಅವಳಿಗೆ ಸುಲಭವಾಗಲೆಂದು ಮರಾಠಿಯಲ್ಲೇ ಹೇಳಿದೆ. ಅವಳು ಫ್ರಾಕಿನ ಅಂಚು ಮಡಚುತ್ತ, ಒಂದೊಂದೇ ಪದ ಹುಡುಕಿ ಅಂದಳು:

"ನಕ್ಕಾವ್ರು ಅಲ್ಲೇ ಅದಾರ. ಅವರ ಮುಂದ ಹೇಳ್ರಿ."

ಹಾಳು ಅಭ್ಯಾಸ, ಆಗಲೂ ಎಣಿಸಿದೆ. ಒಂದೂ ಮರಾಠಿ ಪದವಿರಲಿಲ್ಲ.

ಮರಳಿ ಬಂದು ಉಳಿದ ಹದಿಮೂರು ಮಕ್ಕಳ ಮುಂದೆ ಹೇಳಿದೆ. ಯಾರೂ ನಗಲಿಲ್ಲ. ಹೇಳಿದೆನೆಂದು ಅವಳಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ಅವರಿಗೆ ಮತ್ತೆ ವರ್ಗವಾಯಿತಂತೆ, ಎಲ್ಲಿಗೆಂದು ತಿಳಿಯಲಿಲ್ಲ.

ಇವತ್ತು ಹತ್ತಕ್ಕೆ ತರಗತಿಯಿದೆ, ಅದೇ ಪಾಠ. ಮಕ್ಕಳು ದಿನಚರಿ ಹೇಳುವಾಗ ಈಗ ಪೆನ್ನು ಮುಚ್ಚಿಡುತ್ತೇನೆ. ಒಂದು ಸಂಗತಿ ಮಾತ್ರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಎಂಬೂಟಿ ಜನರಲ್ಲಿ ಮುನಿದವಳು ಬಿಡಾರವನ್ನೇ ಬಿಟ್ಟು ದೂರ ಹೋದರೆ, ಉಳಿದವಳು ರಾಜಿಗೆ ಏನು ಮಾಡುತ್ತಾಳೆ? ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.